ಪಟ್ಟದಕಲ್ಲು: ಮೂಡಣ ಬಾಗಿಲಿನ ಹೆಸರುಗಳು



ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ‘ಮುಗಿಸುವ’ ಪದ್ಧತಿ ಪ್ರವಾಸಿಗರಲ್ಲಿ ಬಹಳ ಕಾಲದಿಂದ ಬೇರೂರಿದೆ. ಬೆಳಿಗ್ಗೆ ಬಾದಾಮಿಯ ನಾಲ್ಕು ಗುಹೆಗಳು, ಬನಶಂಕರಿಯಲ್ಲಿ ಕೈಮುಗಿದು ಜೋಳದ ರೊಟ್ಟಿ, ಕೆನೆಮೊಸರಿನ ಊಟ, ನಡುಮಧ್ಯಾಹ್ನದ ಉರಿಬಿಸಿಲಿನಲ್ಲಿ ಪಟ್ಟದಕಲ್ಲು, ಹೊತ್ತು ಇಳಿಯುವಾಗ ಐಹೊಳೆ, ಅಷ್ಟರ ಮೇಲೂ ಸಮಯ ಉಳಿದರೆ ಕೃಷ್ಣೆ-ಮಲಪ್ರಭೆಯರು ಕೂಡುವ ಕೂಡಲಸಂಗಮ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ 13-14 ಕಿಲೋಮೀಟರ್. ದೂರ ಕಡಿಮೆ ಇರುವುದೇ ಈ ಮೂರು ಊರುಗಳಿಗೆ ಶಾಪವಾಗಿದೆಯೇನೋ! ಹತ್ತಿರವಿರುವುದನ್ನು ಬೇಗ ನೋಡಿಬಿಡಬಹುದೆಂಬ ಭಾವನೆ ಎಲ್ಲರಲ್ಲೂ ಇದೆ.

ಹೀಗೆ ಪಟ್ಟದಕಲ್ಲಿನ ಪಾಲಿಗೆ ಬರುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಚಂದ್ರಶೇಖರ, ಸಂಗಮೇಶ್ವರ, ಕಾಶಿವಿಶ್ವನಾಥ, ಮಲ್ಲಿಕಾರ್ಜುನ ಎಂದು ಒಂದಾದ ಮೇಲೊಂದು ಗುಡಿ ದಾಟಿ ವಿರೂಪಾಕ್ಷಕ್ಕೆ ಬರುವ ಹೊತ್ತಿಗೆ ಕಾಲು ಸೋತಿರುತ್ತದೆ, ನೀರಿನ ಬಾಟಲಿ ಬರಿದಾಗಿರುತ್ತದೆ. ವಿರೂಪಾಕ್ಷದ ಒಳಗೆ ಹೋಗಿ, ದೇವರಿಗೆ ಕೈಮುಗಿದು, ಎದುರಿನ ಮಂಟಪದ ಕರಿಯ ನಂದಿಯ ಮುಂದೆ ಫೋಟೋ ತೆಗೆಸಿಕೊಂಡು ಜನ ಹಿಂದಿರುಗುತ್ತಾರೆ. ನಂದಿಮಂಟಪದ ಆಚೆಗೆ ಇನ್ನೊಂದು ದ್ವಾರವಿದೆ. ಅದರಾಚೆ ಮಲಪ್ರಭಾ ನದಿ. ಅತ್ತ ಹೋಗುವವರು ವಿರಳ. ಹಿತ್ತಲ ಬಾಗಿಲಿರಬೇಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ.

ವಾಸ್ತವವಾಗಿ ಅದು ಮುಂಬಾಗಿಲು. ಗುಡಿ ಪೂರ್ವಾಭಿಮುಖವಾಗಿದೆ, ನದಿಯಲ್ಲಿ ಮಿಂದು ಬಂದವರು ಮೊದಲು ಕಾಲಿಡುತ್ತಿದ್ದುದು ಅಲ್ಲಿಯೇ. ಇಂದಿನ ರಸ್ತೆ, ಟಿಕೇಟು ಕೊಡುವ ಜಾಗ, ಹುಲ್ಲುಹಾಸಿನ ನಡುವಣ ಕಾಲುದಾರಿ ಎಲ್ಲವೂ ಇನ್ನೊಂದು ದಿಕ್ಕಿನಿಂದ ಬಂದಿರುವುದರಿಂದ ಪಟ್ಟದಕಲ್ಲನ್ನು ಪ್ರವಾಸಿಗರು ಹಿಂದುಮುಂದಾಗಿ ನೋಡುತ್ತಿದ್ದಾರೆ. ಇದರಿಂದಾಗುವ ನಷ್ಟ ಸಣ್ಣದಲ್ಲ. ಪಟ್ಟದಕಲ್ಲಿನಲ್ಲಿ ಅತ್ಯಂತ ಅಪರೂಪವಾದ ಕೆಲವು ಸಾಲುಗಳು ಆ ಮೂಡಣ ಬಾಗಿಲಿನ ಕಲ್ಲಿನ ಮೇಲಿವೆ.

ಮೊದಲು ಊರಿನ ಹೆಸರಿನ ಸಂಗತಿ. ಹಳೆಯ ಹೆಸರು ಕಿಸುವೊಳಲು. ‘ಕಿಸು’ ಎಂದರೆ ಕೆಂಪು, ‘ಪೊಳಲು’ ಎಂದರೆ ಪಟ್ಟಣ. ಸುತ್ತಲ ಗುಡ್ಡಗಳ ಕೆಂಪು ಮರಳುಗಲ್ಲನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ. ಗ್ರೀಕ್ ಭೂಗೋಳಶಾಸ್ತ್ರಜ್ಞ ಟಾಲೆಮಿ ಎರಡನೆಯ ಶತಮಾನದಲ್ಲಿ ಹೇಳಿದ ‘ಪೆತ್ರಿಗಲ್’ ಇದೇ ಊರೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಜಾಗವಾದ್ದರಿಂದ ‘ಪಟ್ಟದ ಕಿಸುವೊಳಲು’ ಎನಿಸಿಕೊಂಡು, ಮುಂದೆ ಪಟ್ಟದಕಲ್ಲಾಯಿತು. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ಉತ್ತರವಾಹಿನಿಯ ದಂಡೆ ಪವಿತ್ರವೆಂಬ ನಂಬಿಕೆಯೂ ಈ ಆಯ್ಕೆಗೆ ಕಾರಣವಾಗಿರಬಹುದು.

ಬಾದಾಮಿ ಚಾಲುಕ್ಯರಲ್ಲಿ ವಿಜಯಾದಿತ್ಯ ದೀರ್ಘಕಾಲ, 696ರಿಂದ 733ರವರೆಗೆ, ಆಳಿದ. ಅವನು ಕಟ್ಟಿಸಿದ್ದು ವಿಜಯೇಶ್ವರ, ಇಂದಿನ ಸಂಗಮೇಶ್ವರ. ಅದರ ಕೆಲಸ ಪೂರ್ತಿಯಾಗಲಿಲ್ಲ. ಕೆತ್ತದೆ ಬಿಟ್ಟ ಕಲ್ಲುಗಳು ಇಂದಿಗೂ ಹಾಗೆಯೇ ಇವೆ. ಅವನ ಮಗ ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಾಂಚಿಯನ್ನು ಮೂರು ಬಾರಿ ಗೆದ್ದನೆಂದು ಶಾಸನಗಳು ಹೇಳುತ್ತವೆ. ವಿಕ್ರಮಾದಿತ್ಯನ ರಾಣಿಯರು ಹೈಹಯ ವಂಶದ ಅಕ್ಕತಂಗಿಯರಾದ ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ಗಂಡನ ವಿಜಯದ ನೆನಪಿಗೆ ಲೋಕಮಹಾದೇವಿ ಲೋಕೇಶ್ವರ ಗುಡಿ ಕಟ್ಟಿಸಿದಳು. ಇಂದು ಅದನ್ನು ವಿರೂಪಾಕ್ಷ ಎನ್ನುತ್ತೇವೆ. ತ್ರೈಲೋಕ್ಯಮಹಾದೇವಿ ಪಕ್ಕದಲ್ಲಿಯೇ ಕಟ್ಟಿಸಿದ ತ್ರೈಲೋಕೇಶ್ವರವೇ ಮಲ್ಲಿಕಾರ್ಜುನ. ಸವತಿಯರಾದರೂ ಗುಡಿಗಳು ಜಗಳವಾಡದೆ ಒಂದರ ಮಗ್ಗುಲಿಗೆ ಒಂದು ನಿಂತಿವೆ.

ಕಾಂಚಿಯ ಗೆಲುವು ವಿಚಿತ್ರವಾದುದು. ಸುಮಾರು ನೂರು ವರ್ಷ ಮೊದಲು ಪಲ್ಲವ ನರಸಿಂಹವರ್ಮ ಬಾದಾಮಿಗೆ ನುಗ್ಗಿ, ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನ ಕೆತ್ತಿಸಿ ಹೋಗಿದ್ದ. ಆ ಸೇಡು ತೀರಿಸಲು ಹೋದ ವಿಕ್ರಮಾದಿತ್ಯ ಕಾಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡು, ಅದನ್ನು ಕೊಳ್ಳೆ ಹೊಡೆಯದೆ ದೇವರಿಗೇ ಮರಳಿ ಬಿಟ್ಟ. ಇದನ್ನು ಹೇಳುವ ಕನ್ನಡ ಶಾಸನ ಕಾಂಚಿಯಲ್ಲಿ, ಅದೇ ಗುಡಿಯ ಕಂಬದ ಮೇಲಿದೆ. ವಿರೂಪಾಕ್ಷ ಗುಡಿ ಕೈಲಾಸನಾಥವನ್ನು ಬಹುಮಟ್ಟಿಗೆ ಹೋಲುವುದೂ, ಮುಂದೆ ರಾಷ್ಟ್ರಕೂಟರ ಎಲ್ಲೋರದ ಕೈಲಾಸ ಈ ವಿರೂಪಾಕ್ಷವನ್ನು ನೆನಪಿಸುವುದೂ ಎಲ್ಲ ಗೈಡುಗಳ ಬಾಯಲ್ಲೂ ಇರುವ ಸಂಗತಿ.

ಗೈಡುಗಳು ಇಲ್ಲಿಗೆ ಕತೆ ನಿಲ್ಲಿಸುತ್ತಾರೆ. ಅವರ ತಪ್ಪೇನಿಲ್ಲ, ಬಸ್ಸಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಆದರೆ ರಾಜ ಗೆದ್ದ, ರಾಣಿ ಕಟ್ಟಿಸಿದಳು ಎಂಬಲ್ಲಿಗೆ ಸುಮ್ಮನಾಗುವ ಗುಡಿ ಇದಲ್ಲ. ಕಟ್ಟಿದವನು ಯಾರು?

ಮೂಡಣ ಬಾಗಿಲಿನ ಶಾಸನ ಅದಕ್ಕೆ ಉತ್ತರ ಕೊಡುತ್ತದೆ. ಕಾಂಚಿಯನ್ನು ಮೂರು ಬಾರಿ ಸೋಲಿಸಿದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಈ ಗುಡಿಯನ್ನು ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ, ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಕೊಡಲಾಯಿತು. ‘ಪೆರ್ಜೆರೆಪು’ ಎಂಬ ಗೌರವದ ಪಟ್ಟವನ್ನೂ ಕಟ್ಟಲಾಯಿತು. ಈ ಮಾತನ್ನು ಎರಡು ಸಲ ಓದಿಕೊಳ್ಳಬೇಕು. ಅರಸರಿಗೆ ಪಟ್ಟ ಕಟ್ಟುವ ಊರು ಎಂದು ಪಟ್ಟದಕಲ್ಲು ಪ್ರಸಿದ್ಧ. ಯಾವ ಅರಸನಿಗೆ ಯಾವ ದಿನ ಇಲ್ಲಿ ಪಟ್ಟವಾಯಿತೆಂದು ತೋರಿಸುವ ಬಾಗಿಲು ಪ್ರವಾಸಿಗೆ ಸಿಕ್ಕುವುದಿಲ್ಲ. ಕಲ್ಲು ಕೆಲಸದ ಆಚಾರಿಯೊಬ್ಬನಿಗೆ ಪಟ್ಟ ಕಟ್ಟಿದ ವಿಷಯ ಮಾತ್ರ ಮುಖ್ಯದ್ವಾರದಲ್ಲಿಯೇ ಇದೆ.

ಅದೇ ಗುಡಿಯ ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿಯದು. ಅವನ ಬಿರುದಾವಳಿಯಲ್ಲಿ ‘ಅನೇಕ ಪುರವಾಸ್ತು ಪಿತಾಮಹ’ ಎಂಬುದೂ ಒಂದು. ಅನೇಕ ಊರು-ಮನೆಗಳ ವಿನ್ಯಾಸಕ್ಕೆ ಅಜ್ಜನಿದ್ದಂತೆ ಎಂಬ ಅರ್ಥ. ಮನೆ, ಪ್ರಾಸಾದ, ವಾಹನ, ಆಸನ, ಮಂಚ, ರತ್ನದ ಕಿರೀಟ, ಚೂಡಾಮಣಿ ಇವೆಲ್ಲವನ್ನೂ ಮಾಡಬಲ್ಲ ನಿಪುಣ ಅವನು. ದೊಡ್ಡ ಗುಡಿ ಕಟ್ಟುವವನಿಗೆ ಕೂರುವ ಪೀಠ, ಮಲಗುವ ಮಂಚ ಮಾಡಲೂ ಬರುತ್ತದೆಂದು ಹೇಳಿಕೊಳ್ಳುವುದರಲ್ಲಿ ಸಂಕೋಚವಿರಲಿಲ್ಲ ಎಂಬುದು ಗಮನಾರ್ಹ. ಶಾಸನ ಅವನನ್ನು ‘ತೆಂಕಣ ದಿಸೆಯ ಸೂತ್ರಧಾರಿ’ ಎನ್ನುತ್ತದೆ. ಇದನ್ನು ಹಿಡಿದು, ವಿಕ್ರಮಾದಿತ್ಯ ಕಾಂಚಿಯಿಂದ ಶಿಲ್ಪಿಯನ್ನು ಕರೆತಂದ ಎಂಬ ಕತೆ ಹುಟ್ಟಿಕೊಂಡಿದೆ. ತೆಂಕಣ ದಿಸೆ ಎಂದರೆ ತೆಂಕಣ ನಾಡು ಎಂದು ಓದಿದವರಿದ್ದಾರೆ, ಗುಡಿಯ ತೆಂಕಣ ಮಗ್ಗುಲು ಎಂದು ಓದಿದವರೂ ಇದ್ದಾರೆ. ಪಾಪನಾಥ ಗುಡಿಯಲ್ಲಿ ಇದೇ ಸರ್ವಸಿದ್ಧಿ ಆಚಾರಿಯ ಪರಂಪರೆಯವನಾದ ರೇವಡಿ ಓವಜ್ಜ ತೆಂಕಣ ದಿಸೆಯನ್ನು ಮಾಡಿದನೆಂಬ ಮಾತು ಬರುವುದರಿಂದ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ. ಕಾಂಚಿಯ ಕತೆ ಕೇಳಲು ಚೆನ್ನಾಗಿದೆ, ಅಷ್ಟೆ. ಗುಡಿಯ ಕೆಲಸವನ್ನು ದಿಕ್ಕಿಗೊಬ್ಬರಂತೆ ಹಂಚಿಕೊಂಡು ಮಾಡುತ್ತಿದ್ದರೆಂಬ ಸುಳಿವು ಅದಕ್ಕಿಂತ ಸ್ವಾರಸ್ಯವಾದುದು.

ಪ್ರಧಾನ ಸೂತ್ರಧಾರಿಗಳಲ್ಲದೆ ಕೈಕೆಳಗಿನ ಶಿಲ್ಪಿಗಳೂ ಹೆಸರು ಬಿಟ್ಟು ಹೋಗಿದ್ದಾರೆ. ಬಲದೇವ, ಚೆಂಗಮ್ಮ ಮೊದಲಾದ ಹೆಸರುಗಳು ಪಟ್ಟದಕಲ್ಲಿನ ಶಿಲ್ಪಗಳ ಜೊತೆಯಲ್ಲಿ ಸಿಗುತ್ತವೆ. ಚೆಂಗಮ್ಮ ಎಂದೊಡನೆ ಹೆಣ್ಣುಮಗಳೆಂದು ಭಾವಿಸಬೇಕಿಲ್ಲ. ಹಳಗನ್ನಡ ಕಾಲದಲ್ಲಿ ಗಂಡಸರ ಹೆಸರಿಗೂ ‘ಅಮ್ಮ’ ಸೇರುತ್ತಿತ್ತು. ಎರೆಯಮ್ಮನೆಂಬ ಅರಸರೇ ಇದ್ದರು. ಪಟ್ಟದಕಲ್ಲಿನ ಸಮೀಪದ ಗುಡ್ಡಗಳಲ್ಲಿ ಅಂದಿನ ಕಲ್ಲುಗಣಿಯ ಕುರುಹುಗಳು ಪತ್ತೆಯಾಗಿವೆ. ಕಲ್ಲು ಸೀಳಲು ಬೆಣೆ ಹೊಡೆದ ಗುಳಿಗಳ ಜೊತೆಗೆ ಅಲ್ಲಿಯ ಬಂಡೆಗಳ ಮೇಲೂ ಕೆಲಸಗಾರರ ಹೆಸರುಗಳಿವೆ. ದೇವರ ಸನ್ನಿಧಿಯಲ್ಲಿ ಹೆಸರು ಹಾಕಿದರೆ ಪುಣ್ಯ ಬಂದೀತೆಂಬ ಆಸೆಯೆನ್ನಬಹುದು. ಗಣಿಯ ಬಂಡೆಗೆ ಹೆಸರು ಕೊರೆದವನಿಗೆ ಯಾವ ಆಸೆಯಿತ್ತು?

ಐಹೊಳೆಯಲ್ಲಿಯೂ ಈ ರೂಢಿ ಕಾಣುತ್ತದೆ. ಅಲ್ಲಿಯ ಒಂದು ಶಾಸನ ನರಸೊಬ್ಬನೆಂಬ ಕುಶಲನನ್ನು ಹೊಗಳಿ, ಮನೆ-ಗುಡಿ ಕಟ್ಟುವುದರಲ್ಲಿ ಅವನಿಗೆ ಸಮಾನರು ಜಂಬೂದ್ವೀಪದಲ್ಲಿಯೇ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬರ್ಥದ ಮಾತು ಹೇಳುತ್ತದೆ. ಐಹೊಳೆಯ ಗುಡ್ಡದ ಮೇಲಿನ ಮೇಗುಟಿ ಜಿನಾಲಯದಲ್ಲಿ 634ರ ಶಾಸನ ಬರೆದ ರವಿಕೀರ್ತಿಯೂ ಹಿಂದೆ ಬಿದ್ದವನಲ್ಲ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಾಹಸವನ್ನು ವರ್ಣಿಸಿ, ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಗಳಿಗೆ ಸಾಟಿ ಎಂದು ಸೇರಿಸಿದ. ಮಲಪ್ರಭೆಯ ಈ ದಂಡೆಯಲ್ಲಿ ಕಸುಬುದಾರರು ಬಾಯಿಮುಚ್ಚಿಕೊಂಡು ಇದ್ದವರಲ್ಲ.

ಪಟ್ಟದಕಲ್ಲಿಗೆ ಮರಳೋಣ. ಅದೇ ಮೂಡಣ ಬಾಗಿಲಿನಲ್ಲಿ ಹಾಡುಗಾರರ ಕುರಿತಾದ ಶಾಸನವೂ ಉಂಟು. ಮಾವ ವಿಜಯಾದಿತ್ಯ ಈ ಊರಿನ ಗಾಯಕರಿಗೆ ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಸೊಸೆ ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳು. ಸಾರ ಇಷ್ಟೆ. ಆದರೆ ಅದರ ಹಿಂದಿನ ಸಂದರ್ಭ ಊಹಿಸಿಕೊಳ್ಳಿ. ಹಳೆಯ ಅರಸ ತೀರಿಕೊಂಡಿದ್ದಾನೆ. ಹೊಸ ಅರಸನ ಕಾಲದಲ್ಲಿ ಹೊಸ ಗುಡಿ ಎದ್ದಿದೆ. ಹಾಡುವವರಿಗೆ, ತಮಗೆ ಕೊಟ್ಟಿದ್ದ ಮಾತು ಉಳಿಯುತ್ತದೋ ಇಲ್ಲವೋ ಎಂಬ ಆತಂಕ. ರಾಣಿ ಆ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿ, ಬರುವವರೆಲ್ಲ ಕಾಣುವ ಬಾಗಿಲಿನಲ್ಲಿಟ್ಟಳು. ವಿಧಾನಸೌಧದ ಕಡತಗಳಲ್ಲಿ ಕಲಾವಿದರ ಮಾಸಾಶನ ವರ್ಷಗಟ್ಟಲೆ ಅಲೆಯುವ ಕಾಲದವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ವಿರೂಪಾಕ್ಷದ ಒಳಗಿನ ಕಂಬಗಳೂ ಮಾತಾಡುತ್ತವೆ. ರಾಮಾಯಣ, ಮಹಾಭಾರತ, ಪಂಚತಂತ್ರದ ಕತೆಗಳನ್ನು ಪಟ್ಟಿಕೆಗಳಲ್ಲಿ ಬಿಡಿಸಿರುವುದನ್ನು ಎಲ್ಲರೂ ತೋರಿಸುತ್ತಾರೆ. ಭರತನ ನಾಟ್ಯಮತವನ್ನು ಎತ್ತಿಹಿಡಿದು, ಎದುರಾಳಿ ನಟರ ಗರ್ವ ಮುರಿದವನೆಂದು ಅಚಲನೆಂಬ ನಾಟ್ಯವಿದನನ್ನು ಹೊಗಳುವ ಸಂಸ್ಕೃತ ಬರಹವೊಂದಿದೆ; ಅದನ್ನು ತೋರಿಸುವವರು ಕಡಿಮೆ. ಚಾಲುಕ್ಯರು ಅಳಿದು ರಾಷ್ಟ್ರಕೂಟರು ಬಂದ ಮೇಲೆ, ಧ್ರುವ ಧಾರಾವರ್ಷನ ಕಾಲದಲ್ಲಿ, ಬಾದಿಪೊದ್ದಿ ಎಂಬವಳು ಕುದುರೆಯ ರಥ, ಆನೆಯ ರಥ, ಭೂಮಿಗಳನ್ನು ದಾನ ಕೊಟ್ಟ ದಾಖಲೆಯಿದೆ. ಅವಳು ಗೋಯಿಂದಪೊದ್ದಿಯ ಮಗಳು, ಈ ಗುಡಿಯ ಸೇವೆಯಲ್ಲಿದ್ದ ಗಣಿಕೆ. ಇಲ್ಲಿ ಮಗಳನ್ನು ಗುರುತಿಸಿರುವುದು ಗೋಯಿಂದಪೊದ್ದಿಯ ಹೆಸರಿನಿಂದ. ರಾಜವಂಶ ಬದಲಾದರೂ ಗುಡಿಯ ಬದುಕು ನಿಲ್ಲಲಿಲ್ಲ. ಅಂದಹಾಗೆ ಈ ಗುಂಪಿನಲ್ಲಿ ನಿತ್ಯಪೂಜೆ ಇಂದಿಗೂ ನಡೆಯುವುದು ವಿರೂಪಾಕ್ಷದಲ್ಲಿ.

ಎರಡನೆಯ ಕೀರ್ತಿವರ್ಮನ ಕಾಲದ, 754ರ ಕಂಬವೊಂದು ಇಲ್ಲಿದೆ. ಗಂಗೆಯ ಉತ್ತರ ದಂಡೆಯ ಮೃಗಥಣಿಕಾಹಾರ ಎಂಬ ಸೀಮೆಯಿಂದ ಬಂದ ಜ್ಞಾನಶಿವಾಚಾರ್ಯ ನಿಲ್ಲಿಸಿದ ತ್ರಿಶೂಲಮುದ್ರೆಯ ಕಂಬ ಅದು. ಒಂದೇ ಸಂಸ್ಕೃತ ಬರಹವನ್ನು ಎರಡು ಲಿಪಿಗಳಲ್ಲಿ, ಉತ್ತರದ ಸಿದ್ಧಮಾತೃಕೆಯಲ್ಲೂ ಇಲ್ಲಿಯ ಕನ್ನಡ ಲಿಪಿಯಲ್ಲೂ ಕೆತ್ತಲಾಗಿದೆ. ದೂರದಿಂದ ಬಂದವನಿಗೆ ಓದಲು ಬರಬೇಕು, ಊರವನಿಗೂ ಓದಲು ಬರಬೇಕು! ಉತ್ತರದ ರೇಖಾನಾಗರ ಶಿಖರ, ದಕ್ಷಿಣದ ದ್ರಾವಿಡ ವಿಮಾನ ಎರಡೂ ಒಂದೇ ಅಂಗಳದಲ್ಲಿವೆ ಎಂದು ಪಟ್ಟದಕಲ್ಲನ್ನು ಹೊಗಳುವುದು ವಾಡಿಕೆ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೇಳಿದ್ದೂ ಅದನ್ನೇ. ಆ ಕೂಡುವಿಕೆಯನ್ನು ಶಿಖರ ನೋಡಲು ಕತ್ತು ನೋಯಿಸಿಕೊಳ್ಳದೆಯೂ, ಈ ಒಂದು ಕಂಬದಲ್ಲಿ ಕಾಣಬಹುದು. ಊರಿನ ಜನ ಇದನ್ನು ಲಕ್ಷ್ಮೀಕಂಬವೆಂದು ಪೂಜಿಸುತ್ತಿದ್ದರು. ಪಟ್ಟದಕಲ್ಲಿನ ಶಾಸನಗಳನ್ನು 1881ರಲ್ಲಿ ಅಚ್ಚಿಗೆ ತಂದವರು ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್. ಅಲ್ಲಿಯವರೆಗೆ ಆ ಅಕ್ಷರಗಳು ಓದುವವರಿಲ್ಲದೆ, ಆದರೆ ಅರಿಶಿನ ಕುಂಕುಮದೊಂದಿಗೆ, ಊರೊಳಗೇ ಬದುಕಿದ್ದವು.

ಊರೊಳಗೆ ಎಂಬ ಮಾತು ಮುಖ್ಯ. ಗುಡಿ ಮತ್ತು ಮನೆ ಈ ಸೀಮೆಯಲ್ಲಿ ಬೇರೆಬೇರೆ ಇರಲಿಲ್ಲ. ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದವನಿಂದ. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಹುಚ್ಚಿಮಲ್ಲಿ ಗುಡಿ ಇವೆಲ್ಲ ಜನ ಇಟ್ಟ ಹೆಸರುಗಳು. ಪ್ರಸಿದ್ಧ ದುರ್ಗದ ಗುಡಿಯಲ್ಲಿಯೂ ‘ದುರ್ಗ’ ಎಂದರೆ ಕೋಟೆ, ದೇವಿಯ ಹೆಸರಲ್ಲ. ಸ್ಮಾರಕಗಳ ರಕ್ಷಣೆಯ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ ಎಂದು ಗೆರೆ ಎಳೆಯಿತು. ಗುಡಿಗಳ ಮಗ್ಗುಲಿನ ಮನೆಗಳವರು ಮಾಳಿಗೆ ಸೋರಿದರೂ ಅನುಮತಿಗೆ ಕಾಯಬೇಕು. ಮನೆಗಳನ್ನು ಸ್ಥಳಾಂತರಿಸುವ ಮಾತು ಐಹೊಳೆ, ಪಟ್ಟದಕಲ್ಲು ಎರಡೂ ಕಡೆ ದಶಕಗಳಿಂದ ಕೇಳುತ್ತಿದೆ. ಗುಡಿ ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಡಿಗೆ ಹೆಸರಿಟ್ಟ ಜನ ದೂರವಾದರೆ ಆ ಹೆಸರಿನ ಕತೆ ಹೇಳುವವರು ಯಾರೆಂಬುದನ್ನೂ ಯೋಜನೆ ಹಾಕುವವರು ಯೋಚಿಸಿದರೆ ಒಳಿತು.

ನದಿಯೂ ತನ್ನ ಪಾಲು ಕೇಳುತ್ತದೆ. 2009ರ ಅಕ್ಟೋಬರಿನ ನೆರೆ ಮಲಪ್ರಭೆಯ ದಂಡೆಯ ಊರುಗಳನ್ನು ನಡುಗಿಸಿತು. 2019ರ ಆಗಸ್ಟ್‌ನಲ್ಲಿ ನೀರು ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನುಗ್ಗಿತು. ಗುಡಿಗಳು ನಿಂತವು. ಆದರೆ ಮರಳುಗಲ್ಲು ನೀರು ಕುಡಿಯುವ ಕಲ್ಲು. ನೆನೆದು ಒಣಗಿ, ನೆನೆದು ಒಣಗಿ ಮೇಲ್ಪದರ ಸಡಿಲವಾಗುತ್ತದೆ. ಶಿಖರಕ್ಕೆ ಅದರಿಂದ ಬೇಗ ಅಪಾಯವಿಲ್ಲ. ಒಂದೆರಡು ಕೂದಲೆಳೆಯಷ್ಟು ಆಳಕ್ಕೆ ಕೊರೆದ ಹೆಸರುಗಳಿಗೆ ಅಪಾಯವಿದೆ. ಕೈಗೆ ಎಟಕುವ ಎತ್ತರದಲ್ಲಿರುವ ಅಕ್ಷರಗಳ ಮೇಲೆ ಬೆರಳಾಡಿಸುವವರು, ಪಕ್ಕದಲ್ಲಿ ತಮ್ಮ ಹೆಸರನ್ನೂ ಗೀಚುವವರು ನದಿಗಿಂತ ಹೆಚ್ಚು ನಿಯಮಿತವಾಗಿ ಬರುತ್ತಾರೆ. ಗುಂಡನ ಹೆಸರಿಗೆ ಲೋಕಮಹಾದೇವಿಯ ಅಪ್ಪಣೆಯಿತ್ತು. ಗೀಚುವವರಿಗೆ ಯಾರ ಅಪ್ಪಣೆಯೂ ಇಲ್ಲ.

ನೋಡಲು ಹೊರಟವರು ಕ್ರಮವನ್ನು ಸ್ವಲ್ಪ ಬದಲಿಸಿದರೆ ಸಾಕು. ಬಾದಾಮಿಯಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಮೊದಲು ಪಟ್ಟದಕಲ್ಲಿಗೆ ಹೋಗಬೇಕು. ಗೇಟು ತೆರೆದೊಡನೆ ಉಳಿದ ಗುಡಿಗಳನ್ನು ಬಿಟ್ಟು ನೇರವಾಗಿ ವಿರೂಪಾಕ್ಷವನ್ನು ಬಳಸಿ ಮೂಡಣ ಬಾಗಿಲಿಗೆ ನಡೆಯಬೇಕು. ಎಳೆಬಿಸಿಲು ಓರೆಯಾಗಿ ಬೀಳುವಾಗ ಸವೆದ ಅಕ್ಷರಗಳ ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಹಳಗನ್ನಡ ಲಿಪಿ ಬಾರದವರಿಗೂ ಬರಹದ ಸಾಲುಗಳು ಕಣ್ಣಿಗೆ ಕಾಣುತ್ತವೆ. ಮಧ್ಯಾಹ್ನ ಅದೇ ಕಲ್ಲು ಸಪಾಟಾಗಿ ತೋರುತ್ತದೆ. ಅಲ್ಲಿಂದ ನಂದಿ, ಗುಡಿ, ಮಲ್ಲಿಕಾರ್ಜುನ, ಸಂಗಮೇಶ್ವರ, ಗಳಗನಾಥದ ಅಂಧಕಾಸುರ ಸಂಹಾರದ ಶಿವ ಹೀಗೆ ಹಿಂದಕ್ಕೆ ಬರಬಹುದು. ಐಹೊಳೆಯನ್ನು ಮರುದಿನಕ್ಕೆ ಇಟ್ಟುಕೊಂಡರೆ, ಅಲ್ಲಿಂದ ಹುನಗುಂದ ದಾಟಿ ಇಳಕಲ್ಲಿಗೂ ಹೋಗಿಬರಬಹುದು. ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಅಲ್ಲಿಯ ಮಗ್ಗದ ಮನೆಗಳಲ್ಲಿ ಕಾಣಸಿಗುತ್ತದೆ. ಆ ಸೀರೆಗಳ ಮೇಲೆ ನೇಕಾರನ ಹೆಸರಿರುವುದಿಲ್ಲ.

ಪಾಪನಾಥ ಉಳಿದ ಗುಡಿಗಳಿಂದ ತುಸು ದೂರ, ತೆಂಕಣಕ್ಕೆ ಇದೆ. ಬಹುಪಾಲು ಜನ ಅದನ್ನು ಬಿಟ್ಟುಬಿಡುತ್ತಾರೆ. ಅದರ ಹೊರಗೋಡೆಯ ರಾಮಾಯಣದ ಪಟ್ಟಿಕೆಗಳಲ್ಲಿ ಪಾತ್ರಗಳ ಹೆಸರನ್ನು ಪಕ್ಕದಲ್ಲಿಯೇ ಕೆತ್ತಿದ್ದಾರೆ, ಮಕ್ಕಳ ಚಿತ್ರಪುಸ್ತಕದಲ್ಲಿ ಇರುವಂತೆ. ಜೈನ ನಾರಾಯಣ ಬಸದಿ ಇನ್ನೂ ದೂರ, ಬಾದಾಮಿ ರಸ್ತೆಯ ಬದಿಯಲ್ಲಿದೆ. ರಾಷ್ಟ್ರಕೂಟರ ಕಾಲದ, ಒಂಬತ್ತನೆಯ ಶತಮಾನದ ಕಟ್ಟಡವದು. ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಊರಿನಿಂದ ನಡೆದೇ ಹೋಗಬೇಕು. ಒಳಗೆ ಗರ್ಭಗುಡಿಯ ಕಡೆಗಿನ ಬಾಗಿಲ ಎರಡೂ ಬದಿಗೆ ಕಲ್ಲಿನ ಆನೆಗಳು ಗೋಡೆಯಿಂದ ಅರ್ಧ ಮೈ ಹೊರಚಾಚಿ ನಿಂತಿವೆ, ಬಂದವರಿಗೆ ದಾರಿ ಬಿಡುವವರ ಹಾಗೆ.